ಅಪ್ಪ ಅಮ್ಮನ ಜೊತೆ ಥಾಯ್ಲೆಂಡಿನ ಬುರಿರಾಮ್: ಹೋಗಿ ಬಂದವರು ಇದ್ದೀರಾ?

ಕೆರೆದಂಡೆ
ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರ ಅಪ್ಪ ಅಮ್ಮನನ್ನು ಥಾಯ್ಲೆಂಡಿಗೆ ಕರೆದುಕೊಂಡು ಹೋಗಲು ಟಿಕೆಟ್ ಮಾಡಿಸಿದ್ದೇನೆ. ಟ್ರಾವೆಲ್ಸಿನವರು ಕೊಟ್ಟ ಪಟ್ಟಿಯಲ್ಲಿ ಪಟ್ಟಾಯ, ಹವಳದ ದ್ವೀಪ, ಸಫಾರಿ ಪಾರ್ಕ್, ಮತ್ತೆ ಶಾಪಿಂಗ್. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಕಾಗದ ಮಡಚಿ ಟೀಪಾಯಿ ಮೇಲಿಟ್ಟು, "ನೀವಿಬ್ಬರು ಹೋಗಿ ಬನ್ನಿ" ಅಂದರು.

ಅವರು ರಿಟೈರ್ ಆದ ಸಿವಿಲ್ ಎಂಜಿನಿಯರ್. ಹಳೇ ದೇವಸ್ಥಾನ, ಕೆರೆ, ತೂಬು ಅಂದರೆ ಊಟ ಮರೆಯುವವರು. ಆಫೀಸಿನ ಗೆಳೆಯನೊಬ್ಬ ಬುರಿರಾಮ್ ಅಂತ ಒಂದು ಜಿಲ್ಲೆ ಇದೆ, ಅಲ್ಲಿ ಆರಿಹೋದ ಜ್ವಾಲಾಮುಖಿಯ ಮೇಲೆ ಶಿವನ ದೇವಸ್ಥಾನ ಇದೆ ಅಂದ. ಬ್ಯಾಂಕಾಕಿನಿಂದ ಸುಮಾರು 400 ಕಿ.ಮೀ. ಅಪ್ಪನಿಗೆ 71, ಮಂಡಿ ನೋವು. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಮೂರು ದಿನ ಕಳೆಯುವಷ್ಟು ಅಲ್ಲಿ ಇದೆಯಾ?

ಸುಮ್ನಿರು ಸೋಮ
ಗುರು, ನಾನು ಹೋಗಿದ್ದೇನೆ, ಬೈಕ್ ರೇಸ್ ನೋಡಲು. ಊರಿನಲ್ಲಿ ಒಂದು ರೇಸ್ ಟ್ರ್ಯಾಕ್, ಪಕ್ಕದಲ್ಲೇ ಫುಟ್‌ಬಾಲ್ ಸ್ಟೇಡಿಯಂ. ಅದು ಬಿಟ್ಟರೆ ಎಲ್ಲಿ ನೋಡಿದರೂ ಗದ್ದೆ. ಗದ್ದೆ ನೋಡಲು ಮಂಡ್ಯ ಸಾಕಲ್ವಾ?

ಅಂಚೆಚೀಟಿ
ಸೋಮ, ನೀನು ರೇಸ್ ಮುಗಿಸಿ ರಾತ್ರಿ ಬಸ್ಸಿಗೆ ವಾಪಸ್ ಬಂದವನು ಅಂತ ಕಾಣುತ್ತದೆ. :)

ಕೆರೆದಂಡೆಯವರೇ, ನಾನು ಬ್ಯಾಂಕಾಕಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬುರಿರಾಮಿಗೆ ನಾಲ್ಕು ಸಲ ಹೋಗಿದ್ದೇನೆ. ಧೈರ್ಯವಾಗಿ ಕರೆದುಕೊಂಡು ಹೋಗಿ. ಮೊದಲು ಹೆಸರು. ಎಲ್ಲರೂ ರಾಮನ ಊರು ಅಂದುಕೊಳ್ಳುತ್ತಾರೆ. ಅದು ರಾಮ ಅಲ್ಲ, ರಮ್ಯ. ಪುರಿ, ರಮ್ಯ ಸೇರಿ ಬುರಿರಾಮ್. ಥಾಯ್ ಲಿಪಿಯಲ್ಲಿ ಬರೆದಾಗ ಕೊನೆಯ 'ಯ' ಈಗಲೂ ಕಾಣುತ್ತದೆ, ಬಾಯಲ್ಲಿ ಮಾತ್ರ ಬರುವುದಿಲ್ಲ.

ನಿಮ್ಮ ಗೆಳೆಯ ಹೇಳಿದ್ದು ಫನೋಮ್ ರುಂಗ್ ದೇವಸ್ಥಾನ. ಅದು ಬುರಿರಾಮ್ ಪಟ್ಟಣದಲ್ಲಿಲ್ಲ, ಜಿಲ್ಲೆಯ ದಕ್ಷಿಣಕ್ಕಿದೆ. ಉಳಿಯಲು ನಾಂಗ್ ರೋಂಗ್ ಅನ್ನುವ ಸಣ್ಣ ಊರು ಹತ್ತಿರ. ಬ್ಯಾಂಕಾಕಿನಿಂದ ಬಸ್ಸಿನಲ್ಲಿ ಐದಾರು ಗಂಟೆ. ರೈಲು ಬೇಕಾದರೆ ಬುರಿರಾಮ್ ಸ್ಟೇಷನ್‌ವರೆಗೆ ಇದೆ, ಉಬೋನ್ ಕಡೆಗೆ ಹೋಗುವ ಲೈನು. ವಿಮಾನ ನಿಲ್ದಾಣವೂ ಉಂಟು, ಆದರೆ ಅದು ಪಟ್ಟಣದಿಂದ ಉತ್ತರಕ್ಕೆ ದೂರದಲ್ಲಿ. ನೀವು ಹೋಗಬೇಕಾದ್ದು ದಕ್ಷಿಣಕ್ಕೆ.

ಬೆಟ್ಟಕ್ಕೆ ನೇರ ಬಸ್ ಇಲ್ಲ. ಸೋಂಗ್‌ಥ್ಯಾವ್ ಅಂತ ಎರಡು ಬೆಂಚಿನ ಪಿಕಪ್ ಗಾಡಿ ಬುಡದ ಊರಿನವರೆಗೆ ಹೋಗುತ್ತದೆ. ಆಮೇಲೆ ಬೈಕ್ ಟ್ಯಾಕ್ಸಿ. ಅಪ್ಪನ ಮಂಡಿಗೆ ಅದೆಲ್ಲ ಬೇಡ. ದಿನಕ್ಕೆ ಅಂತ ಕಾರು ಮಾತಾಡಿಕೊಳ್ಳಿ.

ಕಲ್ಲುಹುಚ್ಚ
ಮಾರ್ಚ್ ಮೊದಲ ವಾರ ಅಂದಿರಲ್ಲ, ಯಾವ ತಾರೀಖು? 5, 6, 7 ಒಳಗೆ ಬಂದರೆ ನಿಮ್ಮ ಅದೃಷ್ಟ.

ಫನೋಮ್ ರುಂಗ್‌ನಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಒಂದರ ಹಿಂದೆ ಒಂದು 15 ಬಾಗಿಲುಗಳಿವೆ. ವರ್ಷಕ್ಕೆ ನಾಲ್ಕು ಸಲ ಸೂರ್ಯ ಆ 15 ಬಾಗಿಲುಗಳ ನಡುವೆ ನೇರ ಕಾಣುತ್ತಾನೆ. ಉದಯ ಏಪ್ರಿಲ್ 3-5 ಮತ್ತು ಸೆಪ್ಟೆಂಬರ್ 8-10ರ ಸುಮಾರಿಗೆ. ಅಸ್ತ ಮಾರ್ಚ್ 5-7 ಮತ್ತು ಅಕ್ಟೋಬರ್ 5-7ರ ಸುಮಾರಿಗೆ. ನಮ್ಮ ಗವಿಪುರದಲ್ಲಿ ಸಂಕ್ರಾಂತಿಯ ಸಂಜೆ ಜನ ಮುಗಿಬೀಳುತ್ತಾರಲ್ಲ, ಹಾಗೆಯೇ ಅಲ್ಲೂ ಜನಜಂಗುಳಿ.

ನಿಮ್ಮ ತಂದೆಯವರಿಗೆ ಒಂದು ಲೆಕ್ಕ ಕೊಡಿ. ದೇವಸ್ಥಾನ ನೇರ ಪೂರ್ವಕ್ಕೆ ಮುಖ ಮಾಡಿದ್ದರೆ ಉದಯ, ಅಸ್ತ ಎರಡೂ ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲೇ ಬರಬೇಕಿತ್ತು. ಇಲ್ಲಿ ಬರುವುದಿಲ್ಲ. ಯಾಕೆ? ಅಕ್ಷ ಸುಮಾರು ಐದೂವರೆ ಡಿಗ್ರಿ ಉತ್ತರಕ್ಕೆ ತಿರುಗಿದೆ. ಅದಕ್ಕೇ ಸೂರ್ಯ ಸ್ವಲ್ಪ ಉತ್ತರಕ್ಕೆ ಸರಿದ ಮೇಲೆ ಉದಯ ಸಿಗುತ್ತದೆ, ದಕ್ಷಿಣದಲ್ಲಿ ಇರುವಾಗ ಅಸ್ತ ಸಿಗುತ್ತದೆ. ಒಂದು ಕಾಗದದ ಮೇಲೆ ಗೆರೆ ಎಳೆದರೆ ಗೊತ್ತಾಗುತ್ತದೆ.

ಕೆರೆದಂಡೆ
ನಾವು 4ಕ್ಕೆ ಬ್ಯಾಂಕಾಕ್ ಇಳಿಯುತ್ತೇವೆ! ಈ ಮೆಸೇಜನ್ನು ಅಪ್ಪನಿಗೆ ಓದಿ ಹೇಳಿದೆ. ಈಗ ಪೆನ್ಸಿಲ್ ಹುಡುಕುತ್ತಿದ್ದಾರೆ.

ಗರುಡಗಂಬ
ಇದೆಲ್ಲ ನಮ್ಮವರೇ ಕಟ್ಟಿದ್ದು. ಚೋಳರು ಹಡಗಿನಲ್ಲಿ ಹೋಗಿ ಅಲ್ಲೆಲ್ಲ ದೇವಸ್ಥಾನ ಕಟ್ಟಿದರು. ಈಗ ಅಲ್ಲಿಯವರು ಟಿಕೆಟ್ ಇಟ್ಟು ದುಡ್ಡು ಮಾಡುತ್ತಿದ್ದಾರೆ.

ಕಲ್ಲುಹುಚ್ಚ
ಇಲ್ಲ ಸರ್. ಇದು ಚೋಳರದ್ದಲ್ಲ, ಖ್ಮೇರ್ ಜನರದ್ದು, ಅಂದರೆ ಇಂದಿನ ಕಾಂಬೋಡಿಯಾದವರದ್ದು. ಇಂದಿನ ಥಾಯ್ಲೆಂಡಿನ ಈ ಭಾಗ ಆಗ ಖ್ಮೇರ್ ದೊರೆಗಳ ಸೀಮೆ. ಬೆಟ್ಟದ ಮೇಲೆ 10ನೇ ಶತಮಾನದಿಂದಲೇ ಗುಡಿಗಳಿದ್ದವು. ಈಗ ಕಾಣುವ ದೊಡ್ಡ ಗೋಪುರ 12ನೇ ಶತಮಾನದ್ದು. ಕಟ್ಟಿಸಿದವನು ನರೇಂದ್ರಾದಿತ್ಯ, ಮಹೀಧರಪುರ ವಂಶದವನು. ಅಂಗ್ಕೋರ್ ವಾಟ್ ಕಟ್ಟಿಸಿದ ಎರಡನೇ ಸೂರ್ಯವರ್ಮನಿಗೆ ನೆಂಟ. ಆಮೇಲೆ ಎಲ್ಲ ಬಿಟ್ಟು ಇದೇ ಬೆಟ್ಟದಲ್ಲಿ ತಪಸ್ವಿಯಾದ. ಅವನ ಮಗ ಹಿರಣ್ಯ ಶಾಸನ ಬರೆಸಿದ, ಸಂಸ್ಕೃತದಲ್ಲಿ.

ಹೆಸರು, ದೇವರು, ಶ್ಲೋಕ ನಮಗೆ ಗೊತ್ತಿರುವಂಥವು, ನಿಜ. ಆದರೆ ಕೈ ಅವರದ್ದು, ಕಲ್ಲು ಅವರದ್ದು, ಬೆವರು ಅವರದ್ದು. ಹೆಚ್ಚುಕಮ್ಮಿ ಅದೇ ಸಮಯಕ್ಕೆ ನಮ್ಮಲ್ಲಿ ವಿಷ್ಣುವರ್ಧನ ಬೇಲೂರು ಕಟ್ಟಿಸುತ್ತಿದ್ದ, 1117. ಬೇಲೂರನ್ನು ಯಾರಾದರೂ "ನಮ್ಮವರು ಬಂದು ಕಟ್ಟಿದ್ದು" ಅಂದರೆ ನಮಗೆ ಹೇಗಾಗುತ್ತದೆ?

ಗರುಡಗಂಬ
ಹೇಗೂ ಆಗುವುದಿಲ್ಲ, ನಗು ಬರುತ್ತದೆ. ಸರಿ, ಚೋಳರು ಅಂದದ್ದು ತಪ್ಪಾಯಿತು. ಆದರೂ ಶಿವ ಎಲ್ಲಿದ್ದರೂ ಶಿವನೇ ಅಲ್ವಾ.

ಕಲ್ಲುಹುಚ್ಚ
ಅದಕ್ಕೆ ನನ್ನ ತಕರಾರಿಲ್ಲ. :)

ಶಿವನ ವಿಷಯಕ್ಕೇ ಬರುತ್ತೇನೆ. ಮುಖ್ಯ ಬಾಗಿಲಿನ ಮೇಲೆ ಕತ್ತೆತ್ತಿ ನೋಡಿ. ಮೇಲಿನ ತ್ರಿಕೋನದಲ್ಲಿ ಕುಣಿಯುವ ಶಿವ, ಹತ್ತು ಕೈ. ಅದರ ಕೆಳಗಿನ ಲಿಂಟಲ್ ಕಲ್ಲಿನಲ್ಲಿ ಮಲಗಿರುವ ವಿಷ್ಣು, ಹೊಕ್ಕುಳಿನಿಂದ ಕಮಲ, ಕಾಲ ಬಳಿ ಲಕ್ಷ್ಮಿ. ಶಿವನ ಗುಡಿಗೆ ವಿಷ್ಣುವಿನ ಬಾಗಿಲು. ಥಾಯ್ ಜನ ಇದನ್ನು ನಾರಾಯ್ ಬಂಥೋಮ್‌ಸಿನ್ ಅನ್ನುತ್ತಾರೆ. ನಾರಾಯ್ ಅಂದರೆ ನಾರಾಯಣ. ಕೊನೆಯ 'ಸಿನ್' ನಮ್ಮ ಸಿಂಧು, ಕಡಲು.

ಈ ಕಲ್ಲಿಗೆ ದೊಡ್ಡ ಕಥೆ ಇದೆ. 1960ರ ದಶಕದಲ್ಲಿ ಕಳುವಾಯಿತು. ಒಂದು ತುಂಡು ಬ್ಯಾಂಕಾಕಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು. ದೊಡ್ಡ ತುಂಡು ಅಮೆರಿಕದ ಶಿಕಾಗೋ ಆರ್ಟ್ ಇನ್‌ಸ್ಟಿಟ್ಯೂಟಿನ ಗೋಡೆಯ ಮೇಲೆ ಕಾಣಿಸಿಕೊಂಡಿತು. ಇತ್ತ ಥಾಯ್ ಸರ್ಕಾರದ ಲಲಿತಕಲಾ ಇಲಾಖೆ 1971ರಿಂದ ದೇವಸ್ಥಾನವನ್ನು ಬಿಚ್ಚಿ, ಕಲ್ಲಿಗೆ ನಂಬರ್ ಹಾಕಿ, ಮತ್ತೆ ಜೋಡಿಸುತ್ತಿತ್ತು. ಕೆಲಸ ಮುಗಿಯುವ ಹೊತ್ತಿಗೆ ಆ ಬಾಗಿಲಿನ ಮೇಲೆ ಜಾಗ ಖಾಲಿ. ಜನ ಬೀದಿಗಿಳಿದರು. 1988ರಲ್ಲಿ ಕಲ್ಲು ವಾಪಸ್ ಬಂತು. ಅದೇ ವರ್ಷ ದೇವಸ್ಥಾನವೂ ಐತಿಹಾಸಿಕ ಉದ್ಯಾನವಾಗಿ ಜನರಿಗೆ ತೆರೆಯಿತು. ಈಗಲೂ ಕಲ್ಲು ಪೂರ್ತಿ ಇಲ್ಲ. ಒಡೆದ ಗೆರೆ ಬರಿಗಣ್ಣಿಗೆ ಕಾಣುತ್ತದೆ.

ಅಂಚೆಚೀಟಿ
ಈ ಜಿಲ್ಲೆಯ ಕಲ್ಲು, ಕಂಚು ಜಾಸ್ತಿಯೇ ಊರು ಬಿಟ್ಟಿವೆ. ಪ್ರಾಖೋನ್‌ಚಾಯ್ ಕಡೆ 1964ರಲ್ಲಿ ಸಿಕ್ಕ ಕಂಚಿನ ಬೋಧಿಸತ್ವರು ಜಗತ್ತಿನ ಮ್ಯೂಸಿಯಂಗಳಿಗೆಲ್ಲ ಹಂಚಿಹೋದರು. ಈಚೆಗೆ ಒಂದೊಂದೇ ವಾಪಸ್ ಬರುತ್ತಿವೆ. 2021ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಎರಡು ಲಿಂಟಲ್ ಬಂದವು, ಅದರಲ್ಲಿ ಒಂದು ಬುರಿರಾಮಿನ ನಾಂಗ್ ಹೋಂಗ್ ಗುಡಿಯದ್ದು. 2024ರಲ್ಲಿ ನ್ಯೂಯಾರ್ಕಿನಿಂದ 'ಗೋಲ್ಡನ್ ಬಾಯ್' ಅನ್ನುವ ಕಂಚಿನ ವಿಗ್ರಹ ಬಂತು. ಅದೂ ಇದೇ ಜಿಲ್ಲೆಯಲ್ಲಿ ಸಿಕ್ಕಿದ್ದು ಅನ್ನುತ್ತಾರೆ. ಈಗ ಬ್ಯಾಂಕಾಕಿನ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ.

ಹಿತ್ತಲಮನೆ
ಅಮ್ಮನ ಊಟದ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ನಾನು ಹೇಳುತ್ತೇನೆ. ಈ ಸೀಮೆ, ಇಸಾನ್ ಅನ್ನುತ್ತಾರಲ್ಲ, ಇಲ್ಲಿ ಎಲ್ಲದಕ್ಕೂ ಮೀನಿನ ನೀರು ಹಾಕುತ್ತಾರೆ. ಪಪ್ಪಾಯ ಕೋಸಂಬರಿ ನೋಡಲು ಹಸಿರು ಹಸಿರಾಗಿ ಚೆನ್ನಾಗಿರುತ್ತದೆ, ಒಳಗೆ ಒಣಸಿಗಡಿ. ನಾಂಗ್ ರೋಂಗ್‌ಗೆ ಹೆಸರು ಬಂದದ್ದೇ ಹಂದಿಕಾಲಿನ ಅಡುಗೆಯಿಂದ. ಪ್ರಾಖೋನ್‌ಚಾಯ್‌ಗೆ ಹುಳಿಬರಿಸಿದ ಸಿಗಡಿಯಿಂದ.

ಆದರೆ ಒಂದು ಮಂತ್ರ ಇದೆ: "ಕಿನ್ ಜೇ". ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಇಲ್ಲ, ಬೆಳ್ಳುಳ್ಳಿ ಕೂಡ ಇಲ್ಲ. ಇನ್ನೊಂದು ಪದ "ಮಂಗ್ಸವಿರತ್". ಜೋರಾಗಿ ಹೇಳಿ ನೋಡಿ. ಮಾಂಸವಿರತಿ! ಮೊದಲ ಸಲ ಕೇಳಿದಾಗ ನಾನು ಅಂಗಡಿಯವಳ ಮುಂದೆ ಚಪ್ಪಾಳೆ ಹೊಡೆದೆ, ಪಾಪ ಅವಳಿಗೆ ಏನೂ ಅರ್ಥವಾಗಲಿಲ್ಲ. ಚಟ್ನಿಪುಡಿ, ಅವಲಕ್ಕಿ ಮಾತ್ರ ಬಿಡದೆ ತೆಗೆದುಕೊಂಡು ಹೋಗಿ. ಅಲ್ಲಿ ಅಂಟುಅಕ್ಕಿ ಅನ್ನ ಎಲ್ಲೆಲ್ಲೂ ಸಿಗುತ್ತದೆ. ಚಟ್ನಿಪುಡಿ ಜೊತೆ ಬೊಂಬಾಟ್.

ಹಕ್ಕಿಗೂಡು
ಸೋಮ ಅವರೇ, ನೀವು ಸುಮ್ನೆ ಗದ್ದೆ ಅಂದಿರಲ್ಲ, ಆ ಗದ್ದೆಯಲ್ಲೇ ನನಗೆ ಬೇಕಾದ್ದು ಇತ್ತು. ಸಾರಸ ಕೊಕ್ಕರೆ. ಮನುಷ್ಯನ ಎತ್ತರ, ಕೆಂಪು ತಲೆ. ಕರ್ನಾಟಕದಲ್ಲಿ ನೋಡಲು ಸಿಗುವುದಿಲ್ಲ, ಉತ್ತರ ಪ್ರದೇಶದ ಕಡೆಗೆ ಹೋಗಬೇಕು. ಥಾಯ್ಲೆಂಡಿನ ಕಾಡು, ಗದ್ದೆಗಳಿಂದ ಇದು 1960ರ ದಶಕದಲ್ಲೇ ಮಾಯವಾಗಿತ್ತು. ಪಕ್ಕದ ಕೊರಾಟ್ ಮೃಗಾಲಯದಲ್ಲಿ ಮರಿ ಮಾಡಿಸಿ, 2011ರಿಂದ ಬುರಿರಾಮಿನ ಕೆರೆಗಳ ಸುತ್ತ ಬಿಡುತ್ತಾ ಬಂದರು. ಹುವಾಯ್ ಚೊರಾಖೆ ಮಾಕ್ ಅಂತ ಒಂದು ಕೆರೆ. ಹೆಸರಿನ ಅರ್ಥ 'ಮೊಸಳೆ ಜಾಸ್ತಿ ಇರುವ ಹಳ್ಳ'. ನಾನು ಕಂಡ ಮಟ್ಟಿಗೆ ಒಂದೂ ಮೊಸಳೆ ಇಲ್ಲ.

ಹಕ್ಕಿ ಮಳೆಗಾಲದಲ್ಲಿ ಗೂಡು ಕಟ್ಟುವುದು ಭತ್ತದ ಗದ್ದೆಯ ಮಧ್ಯ. ಪೈರು ತುಳಿದು ಚಾಪೆಯಂಥ ಗೂಡು ಮಾಡುತ್ತದೆ. ಯಾವ ರೈತ ಸುಮ್ಮನಿರುತ್ತಾನೆ? ಅಲ್ಲೇ ಇವರ ಕೆಲಸದ ಕಷ್ಟ ಇದ್ದದ್ದು. ರೈತರನ್ನು ಒಪ್ಪಿಸಿ, ವಿಷದ ಔಷಧಿ ಬಿಡಿಸಿ, ಆ ಅಕ್ಕಿಯನ್ನು ಸಾರಸದ ಅಕ್ಕಿ ಅಂತ ಮಾರಲು ಶುರು ಮಾಡಿದರು. ನಾನು ಅರ್ಧ ಕಿಲೋ ತಂದು ಪುಳಿಯೋಗರೆ ಮಾಡಿದೆ. ಮುದ್ದೆಯಾಯಿತು, ಮಲ್ಲಿಗೆ ಅಕ್ಕಿ ನೋಡಿ. ಮೊಸರನ್ನಕ್ಕೆ ಸರಿ.

ಬೆಳಗ್ಗೆ ಆರು ಗಂಟೆಗೇ ಹೋಗಿ. ಎರಡು ಹಕ್ಕಿ ಒಟ್ಟಿಗೆ ಕತ್ತೆತ್ತಿ ಕೂಗುತ್ತವೆ. ಅರ್ಧ ಮೈಲಿ ದೂರಕ್ಕೆ ಕೇಳುತ್ತದೆ.

ಸುಮ್ನಿರು ಸೋಮ
ಸರಿ ಅಕ್ಕ, ಸೋತೆ. ಮುಂದಿನ ರೇಸಿಗೆ ಒಂದು ದಿನ ಮೊದಲೇ ಹೋಗುತ್ತೇನೆ. ರೇಸ್ ಟ್ರ್ಯಾಕಿನಿಂದ ಕಾಣುವ ಆ ಗುಡ್ಡ ಯಾವುದು? ಮೇಲೆ ದೊಡ್ಡ ಬುದ್ಧ ಇದ್ದಾನೆ.

ಅಂಚೆಚೀಟಿ
ಖಾವ್ ಕ್ರಾಡೋಂಗ್. ಅದೂ ಆರಿಹೋದ ಜ್ವಾಲಾಮುಖಿಯೇ. ಈ ಜಿಲ್ಲೆಯಲ್ಲಿ ಅಂಥವು ಆರು ಇವೆ. ಕ್ರಾಡೋಂಗ್‌ಗೆ 297 ಮೆಟ್ಟಿಲು, ಕಾರಿನ ದಾರಿಯೂ ಇದೆ. ಮೇಲೆ ಜ್ವಾಲಾಮುಖಿಯ ಹಳೇ ಬಾಯಿಗೆ ಅಡ್ಡವಾಗಿ ತೂಗುಸೇತುವೆ. ನಿಮ್ಮ ತಂದೆಯವರಿಗೆ ಇದನ್ನು ಬಿಟ್ಟುಬಿಡಿ, ಅದರ ಬದಲು ಖಾವ್ ಅಂಗ್ಖಾನ್ ನೋಡಿ. ಅದೂ ಜ್ವಾಲಾಮುಖಿ, ಫನೋಮ್ ರುಂಗ್‌ಗೆ ಹತ್ತಿರ. ಮೇಲೆ ಈಚಿನ ಬೌದ್ಧ ದೇವಾಲಯ, ಸುತ್ತ ದ್ವಾರಾವತಿ ಅನ್ನುವ ಹಳೇ ಬೌದ್ಧ ರಾಜ್ಯದ ಕಾಲದ ಗಡಿಕಲ್ಲುಗಳು. ಕಟ್ಟಡ ಒಂಥರಾ ಕಲಸುಮೇಲೋಗರ, ಆದರೆ ಆ ಕಲ್ಲುಗಳ ಹತ್ತಿರ ಯಾರೂ ಇರುವುದಿಲ್ಲ. ಗಾಳಿ ಮಾತ್ರ. ಅಂದಹಾಗೆ ಥಾಯ್ ಭಾಷೆಯಲ್ಲಿ ಮಂಗಳವಾರಕ್ಕೂ ಅಂಗ್ಖಾನ್ ಅನ್ನುತ್ತಾರೆ. ನಮ್ಮ ಅಂಗಾರಕ.

ಅಲ್ಲೇ ಬುಡದಲ್ಲಿ ಚರೋನ್ ಸುಕ್ ಅನ್ನುವ ಹಳ್ಳಿ. ಜ್ವಾಲಾಮುಖಿಯ ಕೆಂಪುಮಣ್ಣನ್ನು ನೀರಿನಲ್ಲಿ ಕಲಸಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಬಟ್ಟೆಯ ಹೆಸರು 'ಫು ಅಕ್ಖನಿ', ಅಗ್ನಿಪರ್ವತ. ಅಮ್ಮನಿಗೆ ಇಷ್ಟವಾಗಬಹುದು.

ಇನ್ನೊಂದು ಮಾತು, ಇದು ಮುಖ್ಯ. ಜಿಲ್ಲೆಯ ದಕ್ಷಿಣ ಅಂಚು ಕಾಂಬೋಡಿಯಾ ಗಡಿ. 2025ರ ಜುಲೈಯಲ್ಲಿ ಅಲ್ಲಿ ಗುಂಡಿನ ಕಾಳಗ ನಡೆದು, ಗಡಿ ತಾಲೂಕುಗಳ ಜನ ಮನೆ ಬಿಟ್ಟಿದ್ದರು. ಹೊರಡುವ ಮುನ್ನ ಸುದ್ದಿ ನೋಡಿಕೊಳ್ಳಿ. ಬಾನ್ ಕ್ರುವಾತ್ ಕಡೆ ಹಳೇ ಕಲ್ಲುಗಣಿ, ಮಡಕೆ ಸುಡುವ ಗೂಡುಗಳಿವೆ, ನೋಡುವಂಥವೇ. ಈಗ ಸದ್ಯಕ್ಕೆ ಬೇಡ.

ಕಲ್ಲುಹುಚ್ಚ
ಬೆಟ್ಟದ ಕೆಳಗೆ ಮುವಾಂಗ್ ತಾಮ್ ದೇವಸ್ಥಾನ ಬಿಡಬೇಡಿ, 8 ಕಿ.ಮೀ. ನನ್ನನ್ನು ಕೇಳಿದರೆ ಫನೋಮ್ ರುಂಗ್‌ಗಿಂತ ಅದೇ ಚೆನ್ನ. ಬೈಯಬೇಡಿ. ಒಂದೇ ಜಗಲಿಯ ಮೇಲೆ ಐದು ಇಟ್ಟಿಗೆ ಗೋಪುರ, ನಡುವಿನದು ಬಿದ್ದುಹೋಗಿ ಬುಡ ಮಾತ್ರ ಉಳಿದಿದೆ. ಸುತ್ತ ನಾಲ್ಕು ಮೂಲೆಗೂ ಮಡಿಚಿದ ಕೊಳಗಳು, ಅಂಚಿನುದ್ದಕ್ಕೂ ಕಲ್ಲಿನ ಹಾವು. ಒಂದು ಬಾಗಿಲ ಮೇಲೆ ನಂದಿಯೇರಿದ ಉಮಾಮಹೇಶ್ವರ. ಇನ್ನೊಂದರ ಮೇಲೆ ಗೋವರ್ಧನ ಎತ್ತಿದ ಕೃಷ್ಣ. ದೇವಸ್ಥಾನದ ಉತ್ತರಕ್ಕೆ ಒಂದು ಕಿಲೋಮೀಟರ್ ಉದ್ದದ ಕೆರೆ, ಊರವರು ಈಗಲೂ ಬಳಸುತ್ತಾರೆ.

ಹತ್ತಿರದಲ್ಲೇ ಜಂಬಿಟ್ಟಿಗೆಯ ಒಂದು ಪುಟ್ಟ ಗುಡಿ, ಕುಟಿ ಋಷಿ. ಅದು ಆರೋಗ್ಯಶಾಲೆಯ ಗುಡಿ. ಖ್ಮೇರ್ ದೊರೆ ಏಳನೇ ಜಯವರ್ಮನ ರಾಜ್ಯದಲ್ಲಿ 102 ಆರೋಗ್ಯಶಾಲೆ ಇದ್ದವು ಅಂತ ಅಂಗ್ಕೋರಿನ ಶಾಸನ ಹೇಳುತ್ತದೆ. ಆಸ್ಪತ್ರೆ ಮರದ್ದು, ಗೆದ್ದಲು ತಿಂದಿತು. ದೇವರ ಕೋಣೆ ಕಲ್ಲಿನದ್ದು, ಉಳಿಯಿತು.

ಕೆರೆದಂಡೆ
(ಮಾರ್ಚ್ 12)
ಬಂದೆವು! ಎಲ್ಲರಿಗೂ ದೊಡ್ಡ ನಮಸ್ಕಾರ. ಹೇಳಬೇಕಾದ್ದು ತುಂಬಾ ಇದೆ, ಒಂದೆರಡು ಹೇಳುತ್ತೇನೆ.

ಮೊದಲ ದಿನ ಎಡವಟ್ಟು. ಮಾತಾಡಿಕೊಂಡಿದ್ದ ಕಾರು ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಹೋಟೆಲಿನ ಹೆಂಗಸು ತನ್ನ ಅಣ್ಣನನ್ನು ಕರೆಸಿದಳು. ಅವನ ಪಿಕಪ್‌ನಲ್ಲಿ ಮುಂದೆ ಅಮ್ಮ, ಹಿಂದೆ ನಾನು ಅಪ್ಪ. ಬೆಟ್ಟ ಮುಟ್ಟಿದಾಗ ಮಧ್ಯಾಹ್ನ ಎರಡು. ಸುಡುಬಿಸಿಲು. ಮೇಲಿನ ಪಾರ್ಕಿಂಗ್‌ನಿಂದ ಹೋದರೆ ಮೆಟ್ಟಿಲು ಕಡಿಮೆ ಅಂತ ಡ್ರೈವರ್ ಕೈಸನ್ನೆಯಲ್ಲಿ ಹೇಳಿದ. ಅಪ್ಪ ಕೇಳಲಿಲ್ಲ. ಮುಂದಿನಿಂದಲೇ ಹೋಗಬೇಕು, ಕಟ್ಟಿದವನು ಹಾಗೆ ಬರಲಿ ಅಂತಲೇ ಕಟ್ಟಿದ್ದು ಅಂದರು. 160 ಮೀಟರಿನ ಕಲ್ಲುಹಾದಿ, ಎರಡೂ ಕಡೆ ಕಮಲದ ಮೊಗ್ಗಿನ ತಲೆಯ ಕಂಬಗಳು, 70 ಅಂತೆ. ಅಪ್ಪ 66ಕ್ಕೆ ಲೆಕ್ಕ ಬಿಟ್ಟರು, ನೆರಳು ಸಿಕ್ಕಿತು ಅಂತ. ಆಮೇಲೆ ಐದು ಹೆಡೆಯ ನಾಗರ ಸೇತುವೆ, 52 ಮೆಟ್ಟಿಲು. ಮೂರು ಕಡೆ ಕೂತು ಹತ್ತಿದರು. ಪಕ್ಕದಲ್ಲಿ ಹತ್ತುತ್ತಿದ್ದ ಒಬ್ಬ ಅಜ್ಜಿ ತಮ್ಮ ಬೀಸಣಿಗೆ ಕೊಟ್ಟುಬಿಟ್ಟರು. ಅಮ್ಮನೂ ಅವರೂ ಅರ್ಧ ಗಂಟೆ ಮಾತಾಡಿದರು. ಇವರದ್ದು ಕನ್ನಡ, ಅವರದ್ದು ಖ್ಮೇರ್.

ಸೂರ್ಯ? ಮಾರ್ಚಿನಲ್ಲಿ ಅಲ್ಲಿ ಕಬ್ಬಿನ ಗದ್ದೆ ಸುಡುತ್ತಾರಂತೆ, ಆಕಾಶ ಎಲ್ಲ ಹೊಗೆ. ಜನ ಕ್ಯಾಮೆರಾ ಹಿಡಿದು ಪೂರ್ವದ ಬಾಗಿಲಲ್ಲಿ ಒತ್ತಿ ನಿಂತಿದ್ದರು. ಸೂರ್ಯ ಕುಂಕುಮದ ಬೊಟ್ಟಿನ ಹಾಗೆ ಆದ, ಬಾಗಿಲ ಹೊಸ್ತಿಲಿಗೆ ಇಳಿಯುವ ಮೊದಲೇ ಮಬ್ಬಿನಲ್ಲಿ ಕರಗಿಹೋದ. ಎಲ್ಲರೂ "ಅಯ್ಯೋ" ಅಂದರು. ಅದಕ್ಕೆ ಮಾತ್ರ ಅನುವಾದ ಬೇಕಾಗಲಿಲ್ಲ.

ಅಪ್ಪ ಆಗ ಅಲ್ಲಿ ಇರಲೇ ಇಲ್ಲ. ಹುಡುಕಿದರೆ ಗರ್ಭಗುಡಿಯ ಉತ್ತರದ ಗೋಡೆ ಪಕ್ಕ ಕೂತಿದ್ದಾರೆ. ಒಳಗಿನ ಲಿಂಗಕ್ಕೆ ಹಾಕಿದ ನೀರು ಹೊರಗೆ ಹರಿದು ಬರುವ ಕಲ್ಲಿನ ಕಾಲುವೆ, ಸೋಮಸೂತ್ರ. ಅದರ ಇಳಿಜಾರನ್ನು ಗೇಣು ಹಾಕಿ ಅಳೆಯುತ್ತಿದ್ದರು. ಟೇಪು ಮನೆಯಲ್ಲಿ ಮರೆತಿದ್ದರಲ್ಲ. ನನ್ನನ್ನು ನೋಡಿ, "ದಾಟಬೇಡ, ಆ ಕಡೆಯಿಂದ ಸುತ್ತಿ ಬಾ" ಅಂದರು.

ಸಾರಸ ನೋಡಿದೆವು, ನಾಲ್ಕು. ಮುವಾಂಗ್ ತಾಮ್‌ನ ಕೊಳದ ಬಳಿ ಒಂದು ಇಡೀ ಬೆಳಗ್ಗೆ ಕಳೆದೆವು. ನಮ್ಮನ್ನು ಬಿಟ್ಟರೆ ಹುಲ್ಲು ಕತ್ತರಿಸುವವನೊಬ್ಬ ಇದ್ದ. ಕಲ್ಲುಹುಚ್ಚ ಅವರೇ, ಅಪ್ಪನ ಓಟೂ ನಿಮಗೇ. ಅಮ್ಮ ಆ ಕೆಂಪುಮಣ್ಣಿನ ಬಟ್ಟೆ ಮೂರು ತಂದಿದ್ದಾರೆ, ಒಂದು ಪಕ್ಕದ ಮನೆಯವರಿಗೆ ಅಂತೆ, ಇನ್ನೂ ಕೊಟ್ಟಿಲ್ಲ.

ಹಿತ್ತಲಮನೆ
ಊಟ?

ಕೆರೆದಂಡೆ
ಕಿನ್ ಜೇ ಕೆಲಸ ಮಾಡಿತು ಅಕ್ಕ. ಎರಡನೇ ದಿನದಿಂದ ಅಮ್ಮನೇ ಹೋಗಿ ಆರ್ಡರ್ ಮಾಡುತ್ತಿದ್ದರು. ಚಟ್ನಿಪುಡಿ ಪಿಕಪ್ ಓಡಿಸಿದವನಿಗೆ ಕೊಟ್ಟುಬಂದೆವು. ಅವನು ಬೊಗಸೆಯಲ್ಲಿ ಹಾಕಿಕೊಂಡು ಹಾಗೇ ತಿಂದ.

ಅಪ್ಪ ಈಗ ಅಕ್ಟೋಬರ್ 5 ಯಾವ ವಾರ ಅಂತ ಕೇಳುತ್ತಿದ್ದಾರೆ.

ಅಂಚೆಚೀಟಿ
ಅಕ್ಟೋಬರಿನಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಮೋಡದ ಭಯ ಇದೆ. ಆದರೆ ಹೊಗೆ ಇರುವುದಿಲ್ಲ, ಗದ್ದೆ ಹಸಿರಾಗಿರುತ್ತದೆ. ಬರುವುದಾದರೆ ತಿಳಿಸಿ, ನಾನೂ ರಜೆ ಹಾಕುತ್ತೇನೆ. ಅಪ್ಪನಿಗೆ ಟೇಪು ಮರೆಯಬೇಡಿ ಅಂತ ಹೇಳಿ.